ನಿವೃತ್ತಿಯ ನಂತರ ಇಬ್ಬರೂ ಜೊತೆಯಾಗಿ: ಹಿರಿಯ ಮಿಷನರಿ ದಂಪತಿಗಳ ದಿನಚರಿ

(ತುಮಕೂರಿನಲ್ಲಿ ನಿವೃತ್ತ ನೌಕರರು ಮತ್ತು ಅವರ ಕುಟುಂಬದವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಾನು ಇಂದು ಆರಿಸಿಕೊಂಡಿರುವ ವಿಷಯ ನಮ್ಮ ಊರಿಗೆ ಬಹಳ ದೂರದ್ದೆಂದು ಮೊದಲಿಗೆ ತೋರಬಹುದು. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪಂಥವೊಂದಿದೆ. 1830ರಲ್ಲಿ ಆರಂಭವಾದ ಈ ಪಂಥದವರನ್ನು ಹೊರಗಿನವರು ಸಾಮಾನ್ಯವಾಗಿ ಮಾರ್ಮನ್ನರೆಂದು ಕರೆಯುತ್ತಾರೆ. ನೌಕರಿಯಿಂದ ನಿವೃತ್ತರಾದ ಗಂಡಹೆಂಡಿರು ಸ್ವಂತ ಖರ್ಚಿನಲ್ಲಿ, ಸಂಸ್ಥೆ ಗೊತ್ತುಪಡಿಸಿದ ಊರಿಗೆ ಹೋಗಿ, 6, 12, 18 ಅಥವಾ 23 ತಿಂಗಳು ಅಲ್ಲಿಯೇ ನೆಲೆಸಿ ದುಡಿದು ಬರುವ ಪದ್ಧತಿ ಅವರಲ್ಲಿದೆ. ನಾನು ಆ ಮತದವಳಲ್ಲ. ಅದರ ಸಿದ್ಧಾಂತವನ್ನು ವಿವರಿಸುವುದಾಗಲಿ ವಿಮರ್ಶಿಸುವುದಾಗಲಿ ನನ್ನ ಉದ್ದೇಶವೂ ಅಲ್ಲ. ಅರವತ್ತು ದಾಟಿದ ಇಬ್ಬರು ಪರದೇಶದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ, ಆ ಕೆಲಸದಲ್ಲಿ ನಮ್ಮಂಥವರು ಗಮನಿಸಬೇಕಾದದ್ದು ಏನಿದೆ ಎಂಬುದಷ್ಟೇ ಇಂದಿನ ಮಾತು.

ಮಿಷನರಿ ಎಂಬುವರು ನಮ್ಮ ಸೀಮೆಗೆ ಹೊಸಬರಲ್ಲ. ಇಲ್ಲಿಗೆ ಸಮೀಪದ ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್ ಅವರು 1837ರಲ್ಲಿಯೇ ವೆಸ್ಲಿಯನ್ ಮಿಷನ್ನಿನ ನೆಲೆಯನ್ನು ತೆರೆದಿದ್ದರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಅವರಿಗೆ ಆಗ ಇಪ್ಪತ್ತರ ಪ್ರಾಯ. ಆರೋಗ್ಯ ಕೆಟ್ಟು ಅವರು 1841ರಲ್ಲಿ ಹಿಂದಿರುಗಬೇಕಾಯಿತು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮತ್ತು ಅವರ ಪತ್ನಿ ಬೆಂಗಳೂರಿಗೆ ಬಂದದ್ದು 1837ರಲ್ಲಿ. ರೈಸ್ ಅವರು ಐವತ್ತು ವರ್ಷ ಇಲ್ಲಿಯೇ ದುಡಿದು 1887ರಲ್ಲಿ ತೀರಿಕೊಂಡರು. ಬಂದ ವರ್ಷವೇ ಬೆಂಗಳೂರಿನಲ್ಲಿ ಅವರಿಗೆ ಹುಟ್ಟಿದ ಮಗನೇ ಬಿ. ಎಲ್. ರೈಸ್; ಶಾಸನಗಳ ಮಹಾಸಂಪುಟಗಳಲ್ಲಿ ತುಮಕೂರು ಜಿಲ್ಲೆಯದನ್ನು 1904ರಲ್ಲಿ, ಕೋಲಾರ ಜಿಲ್ಲೆಯದನ್ನು 1905ರಲ್ಲಿ ಪ್ರಕಟಿಸಿದವರು ಅವರೇ. ಧಾತು, ಈಶ್ವರ ಸಂವತ್ಸರಗಳ (1876–78) ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕೋಲಾರದಲ್ಲಿ ಅನಾಥಾಲಯ ನಡೆಸಿದ ಮಿಸ್ ಆನ್‌ಸ್ಟಿ ಅವರ ಹೆಸರನ್ನೂ ಇಲ್ಲಿ ನೆನೆಯಬೇಕು. ಇವರಲ್ಲಿ ಹೆಚ್ಚಿನವರು ಯೌವನದಲ್ಲಿ ಬಂದವರು. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮೊದಲು, ಆಫ್ರಿಕಾದ ತುದಿಯನ್ನು ಬಳಸಿ ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ಆ ಜನಕ್ಕೆ ಹಿಂದಿರುಗುವ ದಿನವೆಂಬುದು ಗೊತ್ತಿರುತ್ತಿರಲಿಲ್ಲ. ಕೆಲವರು ಇಲ್ಲಿಯ ಜ್ವರಕ್ಕೆ ತುತ್ತಾದರು, ಕೆಲವರು ಕನ್ನಡ ಕಲಿತು ಇಲ್ಲಿಯೇ ಮುದುಕರಾದರು.

ನಾನು ಹೇಳುತ್ತಿರುವ ದಂಪತಿಗಳದು ಇದಕ್ಕೆ ತಿರುಗುಮುರುಗಾದ ಕ್ರಮ. ಅವರು ನರೆತ ಮೇಲೆ ಹೊರಡುತ್ತಾರೆ, ಹಿಂದಿರುಗುವ ತಿಂಗಳನ್ನು ಗೊತ್ತುಮಾಡಿಕೊಂಡೇ ಹೊರಡುತ್ತಾರೆ. ಮಕ್ಕಳೆಲ್ಲ ದೊಡ್ಡವರಾಗಿ, ಮನೆಯ ಸಾಲ ತೀರಿ, ಅಷ್ಟು ದೂರ ಹೋಗಿ ದುಡಿಯುವ ಶಕ್ತಿ ಇನ್ನೂ ಉಳಿದಿರುವ ಕೆಲವೇ ವರ್ಷಗಳನ್ನು ಇದಕ್ಕೆ ಕೊಡುತ್ತಾರೆ. ಎಲ್ಲಿಗೆ ಹೋಗಲು ಇಷ್ಟ, ಯಾವ ಕೆಲಸ ಬಲ್ಲೆವು ಎಂದು ಅರ್ಜಿಯಲ್ಲಿ ಬರೆಯಬಹುದಾದರೂ, ಕಳುಹಿಸಿದ ಕಡೆಗೆ ಹೋಗುವುದೇ ನಿಯಮ. ಪ್ರೊವೊ ಎಂಬ ಊರಿನಲ್ಲಿರುವಂಥ ತರಬೇತಿ ಕೇಂದ್ರದಲ್ಲಿ ಕೆಲವು ದಿನ ಕಲಿತು, ಹೆಸರು ಕೆತ್ತಿದ ಕಪ್ಪು ಫಲಕವನ್ನು ಎದೆಗೆ ಸಿಕ್ಕಿಸಿಕೊಂಡು ವಿಮಾನ ಹತ್ತುತ್ತಾರೆ. ಸಂಬಳವಿಲ್ಲ. ಊಟ, ಬಟ್ಟೆ, ಔಷಧಿ, ವಿಮೆ ಎಲ್ಲವೂ ಅವರ ಉಳಿತಾಯದಿಂದಲೇ ನಡೆಯಬೇಕು. ಮನೆ ಬಾಡಿಗೆ ಭಾರವಾಗಿ ಎಷ್ಟೋ ಜನ ಹಿಂದೆ ಸರಿಯುತ್ತಿದ್ದುದರಿಂದ, 2011ರಲ್ಲಿ ಸಂಸ್ಥೆಯು ಆ ಬಾಬ್ತಿನಲ್ಲಿ ದಂಪತಿಗಳು ಕೊಡಬೇಕಾದ ಮೊತ್ತಕ್ಕೆ ತಿಂಗಳಿಗೆ 1,400 ಡಾಲರಿನ ಮಿತಿಯನ್ನು ಹಾಕಿ, ಮಿಕ್ಕದ್ದನ್ನು ತಾನು ಭರಿಸತೊಡಗಿತು. ಪಿಂಚಣಿಯ ಲೆಕ್ಕ ಬಲ್ಲ ಈ ಸಭೆಗೆ ಆ ನಿರ್ಧಾರದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಈ ಪಂಥದ ಮಿಷನ್ 1993ರಿಂದ ಇದೆ. ಅಲ್ಲಿ ನನ್ನ ಮಗಳ ಮನೆಯಿರುವ ವಸತಿ ಸಮುಚ್ಚಯದಲ್ಲಿಯೇ ಇಂಥ ದಂಪತಿಗಳು ಬಾಡಿಗೆಗಿದ್ದರು. ಪತಿ ತಮ್ಮ ಊರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದವರು, ಪತ್ನಿ ಆಸ್ಪತ್ರೆಯ ದಾದಿಯಾಗಿದ್ದವರು. ಮಗಳ ಮನೆಗೆ ಹೋದಾಗಲೆಲ್ಲ ಸಂಜೆ ಅವರೊಡನೆ ಕುಳಿತು ಮಾತನಾಡುವ ಅವಕಾಶ ನನಗೆ ದೊರೆಯುತ್ತಿತ್ತು. ಮಿಷನರಿ ಎಂದೊಡನೆ ಪುಸ್ತಕ ಹಿಡಿದು ಮನೆಮನೆಗೆ ಹೋಗುವವರ ಚಿತ್ರವಷ್ಟೇ ನನ್ನ ಮನಸ್ಸಿನಲ್ಲಿತ್ತು. ಆದರೆ ಆ ಯಜಮಾನರ ಮೇಜಿನ ಮೇಲೆ ನಾನು ಕಂಡದ್ದು ಬಾಡಿಗೆ ಕರಾರುಗಳು, ವಿದ್ಯುತ್ ಬಿಲ್ಲುಗಳು, ಬೀಗದ ಕೈಗಳ ಗೊಂಚಲು ಮತ್ತು ಗ್ಯಾಸ್ ಸಿಲಿಂಡರಿನ ರಸೀದಿಗಳನ್ನು.

ಕಾರಣ ಹೀಗಿದೆ. ಪ್ರಚಾರದ ಕೆಲಸ ಮಾಡುವವರು ಮುಖ್ಯವಾಗಿ ಯುವಕ ಯುವತಿಯರು. ಹುಡುಗರು ಹದಿನೆಂಟು ತುಂಬಿದ ಮೇಲೆ 24 ತಿಂಗಳು, ಹುಡುಗಿಯರು 18 ತಿಂಗಳು, ಇಬ್ಬಿಬ್ಬರ ಜೋಡಿಯಾಗಿ ಊರೂರಿನಲ್ಲಿ ಬಾಡಿಗೆ ಮನೆಗಳಲ್ಲಿರುತ್ತಾರೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು ಎಂಬುದು ಅವರಿಗೆ ಬಹುಕಾಲದಿಂದ ನಡೆದುಬಂದ ವೇಳಾಪಟ್ಟಿ. ಹಿರಿಯ ದಂಪತಿಗಳಿಗೆ ಅಂಥ ಕಟ್ಟುನಿಟ್ಟಿಲ್ಲ. ಅವರ ಹೊಣೆ ಬೇರೆ: ತಾಯಿಯ ಮನೆಯಿಂದ ಮೊದಲ ಬಾರಿಗೆ ಹೊರಬಂದ ಅಷ್ಟು ಮಕ್ಕಳಿಗೆ ಮನೆ ಹುಡುಕಬೇಕು, ಮುಂಗಡ ಕೊಡಬೇಕು, ನಲ್ಲಿ ಸೋರಿದರೆ ಪ್ಲಂಬರನನ್ನು ಕಳುಹಿಸಬೇಕು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತರಿಸಬೇಕು, ಹೊರದೇಶದವರಾದರೆ ವೀಸಾದ ಕಾಗದಗಳನ್ನು ನೋಡಿಕೊಳ್ಳಬೇಕು. 180 ದಿನಗಳಿಗಿಂತ ಹೆಚ್ಚು ಅವಧಿಯ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕೆಂಬುದು ನಮ್ಮ ದೇಶದ ನಿಯಮ. ಬೆಂಗಳೂರಿನ ಮನೆಯ ಮಾಲೀಕರು ಕೇಳುವ ಮುಂಗಡದ ಪ್ರಮಾಣವನ್ನು ಅಮೆರಿಕದ ಮೇಲಧಿಕಾರಿಗಳಿಗೆ ಪತ್ರ ಬರೆದು ಅರ್ಥಮಾಡಿಸುವುದು ತಮ್ಮ ಕೆಲಸದಲ್ಲಿಯೇ ಕಠಿಣವಾದ ಭಾಗವೆಂದು ಅವರು ಹೇಳಿದ್ದರು.

ಪತ್ನಿಯ ದಿನ ಫೋನಿನಿಂದ ಆರಂಭವಾಗುತ್ತಿತ್ತು. ಯಾವುದೋ ಊರಿನಿಂದ ಹುಡುಗನೊಬ್ಬ ಎರಡು ದಿನದಿಂದ ವಾಂತಿಯೆಂದು ಹೇಳುತ್ತಾನೆ. ನೀರನ್ನು ಕುದಿಸಿ ಕುಡಿದೆಯೋ ಇಲ್ಲವೋ, ಮೂತ್ರದ ಬಣ್ಣ ಹೇಗಿದೆ, ಮೈಕೈ ನೋವಿದೆಯೇ ಎಂದು ಆಕೆ ಒಂದೊಂದಾಗಿ ಕೇಳುತ್ತಾರೆ. ಡೆಂಗಿಯ ಶಂಕೆ ಬಂದರೆ ರಕ್ತಪರೀಕ್ಷೆಗೆ ಕಳುಹಿಸುತ್ತಾರೆ. ಬರಿಯ ನಿರ್ಜಲೀಕರಣವಾದರೆ ಓ.ಆರ್.ಎಸ್. ಕಲಸುವ ಬಗೆಯನ್ನು ಹೇಳಿಕೊಟ್ಟು ಸಂಜೆ ಮತ್ತೆ ವಿಚಾರಿಸುತ್ತಾರೆ. ರೋಗದ ಲಕ್ಷಣಗಳ ಹಿಂದೆ ಮನೆಯ ನೆನಪು ಅಡಗಿರುವ ಸಂದರ್ಭಗಳೂ ಉಂಟೆಂದು, ಅಂಥ ಹುಡುಗನಿಗೆ ಮಾತ್ರೆಯ ಬದಲು ಭಾನುವಾರ ತಮ್ಮ ಮನೆಗೆ ಊಟಕ್ಕೆ ಬಾ ಎಂದು ಹೇಳುವುದೇ ಮದ್ದೆಂದು ಆಕೆ ನನಗೆ ವಿವರಿಸಿದರು. ಹಾಗೆ ಬಂದ ಹುಡುಗರಲ್ಲಿ ಆಂಧ್ರದವರನ್ನೂ ನಾನು ಕಂಡೆ. ಆಕೆಗೆ ತೆಲುಗು ಬಾರದು. ಕೋಲಾರದ ಕಡೆಯ ನೆಂಟಸ್ತಿಕೆಯಿಂದ ನನಗೆ ಅಷ್ಟಿಷ್ಟು ತೆಲುಗು ಬರುತ್ತದೆ. ‘ಅಮ್ಮಗಾರೂ, ಪಪ್ಪುಲೋ ಕೊಂಚೆಂ ಕಾರಂ ಕಾವಾಲಿ’ (ಬೇಳೆಗೆ ಸ್ವಲ್ಪ ಖಾರ ಬೇಕು) ಎಂದು ಹುಡುಗನೊಬ್ಬ ನನ್ನ ಬಳಿ ಹೇಳಿದಾಗ, ಆಕೆ ಅದನ್ನು ನನ್ನಿಂದ ಕೇಳಿ ತಿಳಿದು ಮುಂದಿನ ವಾರದಿಂದ ಬೇಳೆಗೆ ಒಗ್ಗರಣೆಯ ಮೆಣಸಿನಕಾಯಿ ಹೆಚ್ಚಿಸಿದರು.

ಮನೆ ತಪಾಸಣೆಯೂ ಇವರ ಪಾಲಿನ ಕೆಲಸ. ಮುನ್ನವೇ ತಿಳಿಸಿ, ಹುಡುಗರಿರುವ ಮನೆಗೆ ಇಬ್ಬರೂ ಹೋಗುತ್ತಾರೆ. ಯಜಮಾನರು ಗ್ಯಾಸಿನ ರಬ್ಬರ್ ಕೊಳವೆ, ವಿದ್ಯುತ್ ತಂತಿ, ಬಾಗಿಲಿನ ಚಿಲಕಗಳನ್ನು ನೋಡಿದರೆ, ಆಕೆ ಅಡುಗೆಕಟ್ಟೆ, ಕಕ್ಕಸು, ನೀರಿನ ಫಿಲ್ಟರ್, ಹಾಸಿಗೆಯ ಹೊದಿಕೆಗಳನ್ನು ನೋಡುತ್ತಾರೆ. ದೋಷವಿದ್ದರೆ ಬರೆದುಕೊಳ್ಳುತ್ತಾರೆ, ಬೈಯುವುದಿಲ್ಲ. ಕೈಯಲ್ಲಿ ಬೇಯಿಸಿದ ಕೇಕು ಇರುತ್ತದೆ. ಶಾಲೆಯಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ತಪಾಸಣೆ ಎಂದರೆ ಏನೆಂದು ಚೆನ್ನಾಗಿ ಗೊತ್ತು. ತಪಾಸಣೆಗೆ ಬಂದವರು ತಾವೇ ಸ್ಪಾನರ್ ಹಿಡಿದು ನಲ್ಲಿ ಸರಿಪಡಿಸಿ ಹೋಗುವ ಕ್ರಮ ನನಗೆ ಬಹಳ ಹಿಡಿಸಿತು.

ಎಲ್ಲ ದಂಪತಿಗಳಿಗೂ ಕಚೇರಿಯ ಕೆಲಸವೇ ಬರುತ್ತದೆಂದಲ್ಲ. ಕೆಲವರು ತಮ್ಮ ಪಂಥದ ದೇವಾಲಯಗಳಲ್ಲಿ, ಕೆಲವರು ಶಿಕ್ಷಣದ ಕಾರ್ಯಕ್ರಮಗಳಲ್ಲಿ ತೊಡಗುತ್ತಾರೆ. ಮಾನವೀಯ ನೆರವಿನ ಕೆಲಸಕ್ಕೆ ಹೋದವರು ಗಾಲಿಕುರ್ಚಿ, ಕುಡಿಯುವ ನೀರು, ನವಜಾತ ಶಿಶುಗಳ ಉಸಿರಾಟ ಸರಿಪಡಿಸುವ ತರಬೇತಿ ಮೊದಲಾದ ಯೋಜನೆಗಳಿಗೆ ಸ್ಥಳ ನೋಡಿ, ಸ್ಥಳೀಯ ಸಂಸ್ಥೆಗಳೊಡನೆ ಮಾತನಾಡಿ, ಸರಕು ತಲುಪಿದೆಯೇ ಎಂದು ಪರಿಶೀಲಿಸುತ್ತಾರೆ. ಇನ್ನು ಕೆಲವರಿಗೆ ವಂಶಾವಳಿಯ ದಾಖಲೆಗಳನ್ನು ಕಾಪಿಡುವ ಕೆಲಸ. ಈ ಪಂಥದವರಿಗೆ ಪೂರ್ವಿಕರ ಹೆಸರುಗಳು ಧಾರ್ಮಿಕವಾಗಿಯೇ ಬೇಕು. ಅದಕ್ಕಾಗಿ 1894ರಲ್ಲಿ ಸಂಘವೊಂದನ್ನು ಸ್ಥಾಪಿಸಿ, ಲೋಕದ ನಾನಾ ಭಾಗಗಳ ಜನನ, ಮದುವೆ, ಮರಣಗಳ ದಾಖಲೆಗಳನ್ನು ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಸಂಗ್ರಹಿಸಿದರು, ಅವುಗಳನ್ನು ಗಣಕಕ್ಕೆ ಏರಿಸುವ ಕೆಲಸವನ್ನು 2021ರಲ್ಲಿ ಮುಗಿಸಿದರು. ಸುಗ್ಗಿಯ ನಂತರ ಎತ್ತಿನ ಸಮೇತ ಮನೆಯ ಮುಂದೆ ಬಂದು ಏಳೆಂಟು ತಲೆಮಾರಿನ ಹೆಸರನ್ನು ಒಪ್ಪಿಸುತ್ತಿದ್ದ ನಮ್ಮ ಹೆಳವರ ವಿಷಯವನ್ನು ನಾನು ಆ ದಂಪತಿಗಳಿಗೆ ಹೇಳಿದಾಗ, ಅವರಿಗಾದ ಆನಂದವನ್ನು ವರ್ಣಿಸಲಾರೆ. ಹೆಳವರ ವಿದ್ಯೆ ನಮ್ಮ ಕಣ್ಣೆದುರಿಗೇ ಕ್ಷೀಣಿಸುತ್ತಿರುವಾಗ, ಅದಕ್ಕಾಗಿ ನಾವೇನು ಮಾಡಿದ್ದೇವೆ ಎಂದು ಅವರು ಕೇಳಿದ ಪ್ರಶ್ನೆಯನ್ನು ಈ ಸಭೆಯ ಮುಂದೆಯೂ ಇಡುತ್ತೇನೆ.

ಅವರ ಆಹಾರ ನಿಯಮವನ್ನೂ ಹೇಳಬೇಕು. 1833ರಿಂದ ಬಂದ ಉಪದೇಶದಂತೆ ಮದ್ಯ, ತಂಬಾಕು, ಕಾಫಿ, ಚಹಾ ಇವರಿಗೆ ವರ್ಜ್ಯ. ಮನೆಗೆ ಬಂದವರ ಕೈಗೆ ಮೊದಲು ಕಾಫಿ ಲೋಟ ಕೊಡುವ ನಮ್ಮ ಕಡೆಯಲ್ಲಿ ಇದು ದೊಡ್ಡ ಇಕ್ಕಟ್ಟು. ಬೇಡವೆಂದರೆ ಮನೆಯವರು ನೊಂದುಕೊಳ್ಳುತ್ತಾರೆ. ಆದ್ದರಿಂದ ಆ ಅಮ್ಮ ಬೇಗನೆ ‘ಮಜ್ಜಿಗೆ ಕೊಡಿ’ ಎಂಬ ಎರಡು ಪದಗಳನ್ನು ಕಲಿತು, ಅದನ್ನು ತಾವಾಗಿಯೇ ಕೇಳತೊಡಗಿದರು. ಕೇಳಿ ಪಡೆಯುವ ಅತಿಥಿಯ ಮೇಲೆ ಯಾರಿಗೆ ಮುನಿಸು? ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರಿಗೆ ಕೊಡುವ ಪದ್ಧತಿಯೂ ಅವರಲ್ಲಿದೆ. ವಯಸ್ಸಾದವರಿಗೆ, ಮಧುಮೇಹವಿರುವವರಿಗೆ ಅದರಲ್ಲಿ ವಿನಾಯಿತಿಯುಂಟು.

ಈಗ ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿಗೆ ಬರುತ್ತೇನೆ. ಯುವ ಮಿಷನರಿಗಳು ತಮ್ಮ ಜೊತೆಗಾರನನ್ನು ಬಿಟ್ಟು ಒಬ್ಬರೇ ಎಲ್ಲಿಯೂ ಇರಬಾರದೆಂಬ ನಿಯಮವಿದೆ. ಹಿರಿಯರ ವಿಷಯದಲ್ಲಿ ಆ ಜೊತೆಗಾರರು ಕಟ್ಟಿಕೊಂಡವರೇ. ನಾಲ್ಕು ದಶಕ ಒಂದೇ ಮನೆಯಲ್ಲಿ ಬಾಳಿದ್ದರೂ, ಹಗಲೆಲ್ಲ ಬೇರೆ ಬೇರೆ ಕಡೆ ದುಡಿದ ಇಬ್ಬರು, ಈಗ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕುಳಿತು, ಒಬ್ಬರ ಕೆಲಸವನ್ನು ಇನ್ನೊಬ್ಬರು ಕಾಣುತ್ತಾ ದುಡಿಯಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಇದು ಸುಲಭವಲ್ಲವೆಂದು ಇಬ್ಬರೂ ಒಪ್ಪಿದರು. ಮದುವೆಯಾದಾಗಿನಿಂದ ಪತ್ನಿ ಎಷ್ಟು ಜನರ ನೋವನ್ನು ಆಸ್ಪತ್ರೆಯಲ್ಲಿ ಹೇಗೆ ನಿಭಾಯಿಸುತ್ತಿದ್ದಳೆಂಬುದನ್ನು ತಾನು ಕಣ್ಣಾರೆ ನೋಡಿದ್ದು ಬೆಂಗಳೂರಿನಲ್ಲಿಯೇ ಎಂದು ಆ ಯಜಮಾನರು ಹೇಳಿದರು.

ನಮ್ಮ ಮನೆಗಳನ್ನು ನೋಡೋಣ. ಸರ್ಕಾರಿ ಸೇವೆಯಲ್ಲಿದ್ದ ಗಂಡಸು ಅರವತ್ತಕ್ಕೆ ನಿವೃತ್ತನಾಗುತ್ತಾನೆ. ಬೆಳಿಗ್ಗೆ ಅಮಾನಿಕೆರೆಯ ಸುತ್ತ ನಡಿಗೆ, ಬಳಿಕ ಪತ್ರಿಕೆ, ಸಂಜೆ ಗೆಳೆಯರು. ಹೆಂಡತಿಗೆ ನಿವೃತ್ತಿಯ ವಯಸ್ಸೇ ಇಲ್ಲ. ಆಕೆಯೂ ನೌಕರಿಯಲ್ಲಿದ್ದವಳಾದರೆ, ನಿವೃತ್ತಿಯಾದ ಮರುದಿನವೇ ಎರಡು ಹೊತ್ತಿನ ಅಡುಗೆ ಮೂರು ಹೊತ್ತಿನದಾಗುತ್ತದೆ. ಆ ಪಂಥದಲ್ಲಿ ಪೌರೋಹಿತ್ಯದ ದೀಕ್ಷೆ ಗಂಡಸರಿಗೆ ಮಾತ್ರ, ಮುಖ್ಯ ಅಧಿಕಾರಗಳೂ ಅವರವೇ; ಇದನ್ನು ಮುಚ್ಚಿಟ್ಟು ಹೊಗಳಲಾರೆ. ಆದರೂ ಹೊರದೇಶಕ್ಕೆ ಬಂದ ದಂಪತಿಗಳಲ್ಲಿ ಹೆಂಡತಿಯ ಎದೆಯ ಮೇಲೂ ಅಂಥದೇ ಹೆಸರಿನ ಫಲಕ, ಆಕೆಗೂ ಒಂದು ಮೇಜು, ಆಕೆಯ ಮಾತಿಗಾಗಿ ಕಾಯುವ ಮಕ್ಕಳು ಇದ್ದರು. ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಯಜಮಾನರ ಪಾಲಾಗಿತ್ತೆಂಬುದನ್ನೂ ಈ ಸಭೆಯ ಗಂಡಸರ ಗಮನಕ್ಕೆ ತರುತ್ತೇನೆ.

ಕಷ್ಟಗಳು ಇಲ್ಲದಿಲ್ಲ. ಸೆಕೆ, ಮಂಡಿನೋವು, ಲಿಫ್ಟು ಕೆಟ್ಟಾಗ ನಾಲ್ಕು ಮಹಡಿ ಹತ್ತುವ ಪ್ರಯಾಸ, ಭಾನುವಾರದ ಪ್ರಾರ್ಥನೆಯಲ್ಲಿ ಸುತ್ತಲಿನವರ ಭಾಷೆ ಅರ್ಥವಾಗದೆ ಮುಗುಳ್ನಗುತ್ತಾ ಕೂರುವ ಒಂಟಿತನ ಇವೆಲ್ಲ ಇದ್ದವು. ಅವರು ಇಲ್ಲಿದ್ದಾಗಲೇ ಊರಿನಲ್ಲಿ ಮೊಮ್ಮಗಳು ಹುಟ್ಟಿದಳು. ಪರದೆಯ ಮೇಲೆ ಮಗುವನ್ನು ನೋಡಿದ ದಿನ ಆ ಅಮ್ಮ ನಮ್ಮ ಮನೆಗೆ ಬಂದು ಬಹಳ ಹೊತ್ತು ಕುಳಿತಿದ್ದರು. ಮಗಳ ಬಾಣಂತನಕ್ಕೆ ಹೋಗದೆ ಇಲ್ಲಿ ಪರರ ಮಕ್ಕಳ ಜ್ವರ ನೋಡುತ್ತಿರುವುದು ಸರಿಯೇ ಎಂದು ನಾನು ಕೇಳಿದೆ. ‘ನನ್ನ ಮಗಳ ಸುತ್ತ ಹತ್ತು ಜನರಿದ್ದಾರೆ’ ಎಂದಷ್ಟೇ ಹೇಳಿದರು. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ತಾಯಿಯ ಜಾಗವನ್ನು ಹತ್ತು ಜನ ತುಂಬಲಾರರೆಂದೇ ನಾನು ಇಂದಿಗೂ ನಂಬುತ್ತೇನೆ.

ಆದರೆ ಆ ಮಾತಿನ ಇನ್ನೊಂದು ಮುಖವನ್ನು ಯೋಚಿಸುತ್ತಾ ಬಂದಿದ್ದೇನೆ. ನಮ್ಮ ತುಮಕೂರಿನಿಂದಲೂ ಹಿರಿಯ ದಂಪತಿಗಳು ಪರದೇಶಕ್ಕೆ ಹೋಗುತ್ತಾರೆ. ಜಯನಗರ, ಸಿದ್ಧಗಂಗಾ ಬಡಾವಣೆಗಳ ಎಷ್ಟು ಮನೆಗಳಿಗೆ ಆರು ತಿಂಗಳು ಬೀಗ ಬಿದ್ದಿರುತ್ತದೆ ನೋಡಿ: ಮಗಳ ಬಾಣಂತನಕ್ಕೆ, ಮೊಮ್ಮಗನನ್ನು ನೋಡಿಕೊಳ್ಳುವುದಕ್ಕೆ, ಪ್ರವಾಸಿ ವೀಸಾದಲ್ಲಿ ಹೋದವರವು. ಅಲ್ಲಿ ಅವರು ಮಾಡುವುದೂ ಇದೇ ಕೆಲಸ. ಅಡುಗೆ, ಜ್ವರದ ಆರೈಕೆ, ಮನೆಯ ರಿಪೇರಿ, ಬೇಸರಗೊಂಡ ಮಕ್ಕಳಿಗೆ ಧೈರ್ಯ. ಚಟ್ನಿಪುಡಿ, ಹುರಿಗಡಲೆ, ಅಂಟಿನುಂಡೆಯ ಡಬ್ಬಿಗಳನ್ನು ಹೊತ್ತು, ಭಾಷೆ ಬಾರದ ಊರಿನಲ್ಲಿ ಚಳಿಗಾಲ ಕಳೆದುಬಂದ ನಮ್ಮ ಅಮ್ಮಂದಿರ ಸೇವೆ ಯಾವ ಮಿಷನರಿಯ ಸೇವೆಗೂ ಕಡಿಮೆಯದಲ್ಲ. ಅಂದರೆ ಆ ಕೆಲಸಕ್ಕೆ ಬೇಕಾದ ಶಕ್ತಿ, ತಾಳ್ಮೆ, ಅನುಭವ ಎಲ್ಲವೂ ನಮ್ಮಲ್ಲಿದೆ. ಅದು ರಕ್ತಸಂಬಂಧದ ಆಚೆಗೆ ಹರಿಯುವ ದಾರಿಯೊಂದನ್ನು ಮಾತ್ರ ನಾವಿನ್ನೂ ಮಾಡಿಕೊಂಡಿಲ್ಲ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಶಿವಕುಮಾರ ಸ್ವಾಮೀಜಿಯವರ ಊರಿನಲ್ಲಿ ನಿಂತು ಈ ಮಾತನ್ನು ಹೇಳುವಾಗ, ಮಠಕ್ಕೆ ಅಕ್ಕಿ ಬೇಳೆ ಕಳುಹಿಸಿದ ಮನೆಗಳು ನಮ್ಮಲ್ಲಿ ಅಸಂಖ್ಯವೆಂಬುದನ್ನು ಮರೆತಿಲ್ಲ. ನಾನು ಕೇಳುತ್ತಿರುವುದು ಅಕ್ಕಿಯೊಡನೆ ನಾವೂ ಹೋಗಿ ಇರುವ ಬಗೆಯನ್ನು.

ಆದ್ದರಿಂದ ಒಂದು ಸಲಹೆಯನ್ನು ಸಭೆಯ ಮುಂದಿಡುತ್ತೇನೆ. ಪಾವಗಡ, ಮಧುಗಿರಿ, ಶಿರಾ ಮೊದಲಾದ ತಾಲ್ಲೂಕುಗಳಲ್ಲಿ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ನಿಲಯಪಾಲಕರು ದಾಸ್ತಾನು, ಹಾಜರಾತಿ, ಬಿಲ್ಲುಗಳಲ್ಲಿ ಮುಳುಗಿರುತ್ತಾರೆ. ರಾತ್ರಿ ಹೊಟ್ಟೆನೋವೆಂದು ಅಳುವ ಆರನೆಯ ತರಗತಿಯ ಮಗುವಿನ ಪಕ್ಕ ಕೂರಲು ಅಲ್ಲಿ ಯಾರೂ ಇರುವುದಿಲ್ಲ. ನಿವೃತ್ತ ದಂಪತಿಗಳು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ, ಸ್ವಂತ ಖರ್ಚಿನಲ್ಲಿ, ನಿಲಯದ ಸಮೀಪದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಸಂಜೆಯಿಂದ ರಾತ್ರಿ ಮಲಗುವ ಹೊತ್ತಿನವರೆಗೆ ಆ ಮಕ್ಕಳೊಡನೆ ಇರಬೇಕು. ಲೆಕ್ಕ ಬಲ್ಲವರು ಲೆಕ್ಕ ಹೇಳಿಕೊಡಲಿ, ಶುಶ್ರೂಷೆ ಬಲ್ಲವರು ಆರೋಗ್ಯ ನೋಡಲಿ, ಕೈಕೆಲಸ ಬಲ್ಲವರು ಮುರಿದ ಕಿಟಕಿಯ ಕೀಲನ್ನು ಕೂರಿಸಲಿ. ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಯಾರೂ ಹೋಗಬಾರದು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಪೊಲೀಸ್ ಪರಿಶೀಲನೆ ಕಡ್ಡಾಯವಾಗಬೇಕು. ಜಾತಿಯ, ಮತದ, ಪಕ್ಷದ ಮಾತು ಅಲ್ಲಿಗೆ ಹೋಗಕೂಡದು. ಇಬ್ಬರೂ ಒಪ್ಪಿದರೆ ಮಾತ್ರ ಹೆಸರು ಬರೆಸಬೇಕು, ಗಂಡನ ಉತ್ಸಾಹಕ್ಕೆ ಹೆಂಡತಿ ಎಳೆಯಲ್ಪಡಬಾರದು. ಮೊದಲ ವರ್ಷಕ್ಕೆ ಎರಡು ಅಥವಾ ಮೂರು ನಿಲಯಗಳು ಸಾಕು. ಜಿಲ್ಲಾ ಅಧಿಕಾರಿಗಳಿಗೆ ಕೊಡಬೇಕಾದ ಮನವಿಯ ಕರಡನ್ನು ಸಿದ್ಧಪಡಿಸಿ ತಂದಿದ್ದೇನೆ. ಆಸಕ್ತಿಯುಳ್ಳ ದಂಪತಿಗಳು ಸಭೆ ಮುಗಿದ ಮೇಲೆ ಅದನ್ನು ಓದಿ, ತಿದ್ದಬೇಕಾದದ್ದನ್ನು ತಿದ್ದಿಕೊಡಬೇಕೆಂದು ಕೋರುತ್ತೇನೆ.